ಎರಡು ಆಂಪಿಯರ್

ಗಂಜಿ ಹಾಕಿದ ಸೀರೆಗೆ ನೀರು ಚಿಮುಕಿಸಿ, ಕಾದ ಇಸ್ತ್ರಿ ಪೆಟ್ಟಿಗೆ ಇಟ್ಟ ಕೂಡಲೇ ಒಂದು ವಾಸನೆ ಏಳುತ್ತದೆ. ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದದ್ದೇ ನನ್ನ ಕೈ ನಿಂತುಹೋಯಿತು. ತರೀಕೆರೆಯಿಂದ ಕಡೂರಿಗೆ ಹೊರಟಿದ್ದೆ. ನನ್ನ ತವರಿನ ಎದುರು ಮನೆಯ ಅಕ್ಕ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಶಿವಗಣಾರಾಧನೆಗೆ ಕರೆ ಬಂದಿತ್ತು.

ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ, ಎಂಬತ್ತರ ದಶಕದ ಆರಂಭದಲ್ಲಿ, ಅಕ್ಕ ಆ ಮನೆಗೆ ಸೊಸೆಯಾಗಿ ಬಂದಳು. ಅಜ್ಜಂಪುರದವಳು, ಬಿ.ಎಡ್. ಮುಗಿಸಿದ್ದಳು. ಮನೆಯ ಕೆಳಗೆ ಅವಳ ಮಾವನ ಮೋಟಾರ್ ರಿಪೇರಿ ಅಂಗಡಿ. ಪಂಚನಹಳ್ಳಿ ಕಡೆಯ ರೈತರು ಸುಟ್ಟ ಪಂಪ್‌ಸೆಟ್ ಮೋಟಾರುಗಳನ್ನು ತಂದಿಳಿಸುತ್ತಿದ್ದರು, ಅಕ್ಕನ ಗಂಡ ಕೂತು ಹೊಸ ತಾಮ್ರದ ತಂತಿ ಸುತ್ತುತ್ತಿದ್ದರು. ಮಾವನವರ ಕುರ್ಚಿಯ ಎದುರಿಗೆ, ಗೋಡೆಯ ಹಲಗೆಯ ಮೇಲೆ, ಒಂದು ವೋಲ್ಟ್ ಮೀಟರು, ಎಷ್ಟು ಕರೆಂಟು ಹರಿಯುತ್ತಿದೆ ಎಂದು ತೋರಿಸುವ ಒಂದು ಆಮ್ಮೀಟರು. ಮೇಲಿನ ಮನೆಗೂ ಕರೆಂಟು ಹೋಗುತ್ತಿದ್ದುದು ಅದೇ ಹಲಗೆಯಿಂದ. ಸೊಸೆ ಮೇಲೆ ಯಾವ ಸ್ವಿಚ್ ಹಾಕಿದರೂ ಆಮ್ಮೀಟರಿನ ಮುಳ್ಳು ಕೆಳಗೆ ಚಾಡಿ ಹೇಳುತ್ತಿತ್ತು. "ಹಗಲೊತ್ತು ಲೈಟ್ ಯಾಕಮ್ಮಾ, ಪುಸ್ತಕ ಓದ್ತಿದೀಯೇನು?" ಎಂದು ಮಾವನವರು ಕೂತಲ್ಲಿಂದಲೇ ಕೂಗುತ್ತಿದ್ದರು. ಮೇಲೆ ಲೈಟು ಆರುತ್ತಿತ್ತು, ಮುಳ್ಳು ಇಳಿಯುತ್ತಿತ್ತು, ಅವರು ನನ್ನ ಕಡೆ ನೋಡಿ ನಗುತ್ತಿದ್ದರು.

ನಾನು ಅಲ್ಲಿ ಇರುತ್ತಿದ್ದುದು ಪಾಠಕ್ಕೆ. ವಿಜ್ಞಾನದಲ್ಲಿ ನಾನು ಶತದಡ್ಡಿ ಎಂದು ಅಪ್ಪ ಅವರ ಹತ್ತಿರ ಕಳಿಸುತ್ತಿದ್ದರು. ಅಷ್ಟು ಚೆನ್ನಾಗಿ ಹೇಳಿಕೊಡುವವರು ನನಗೆ ಮತ್ತೆ ಸಿಗಲಿಲ್ಲ, ಅದನ್ನೂ ಹೇಳಲೇಬೇಕು. ಪುಸ್ತಕ ಮುಚ್ಚಿಸಿ ಮುಳ್ಳು ತೋರಿಸುತ್ತಿದ್ದರು. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ವಾಟ್, ಭಾಗಿಸಿದರೆ ಓಮ್. ಬಲ್ಬು ಎಷ್ಟು ವಾಟು, ಕರೆಂಟ್ ಒಲೆ ಎಷ್ಟು ವಾಟು, ಎಲ್ಲ ಬಾಯಿಪಾಠ. ಸರಿ ಹೇಳಿದರೆ "ಶಭಾಷ್" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ನನಗೆ ಹಾಗೆ ಅಂದವರಲ್ಲ...

ಒಂದು ಸಂಜೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದು ಒಂದು ಕಾಗದ ತೋರಿಸಿದಳು. ತರೀಕೆರೆಯ ಒಂದು ಹೈಸ್ಕೂಲಿನಿಂದ ಇಂಟರ್ವ್ಯೂಗೆ ಬಂದ ಕರೆ. ಕೆಲಸ ಎಂಬ ಮಾತು ಎತ್ತಿದ್ದಕ್ಕೆ ಮಾವ ಒಮ್ಮೆ ತಟ್ಟೆ ಎಸೆದದ್ದು ಬೀದಿಗೆಲ್ಲ ಗೊತ್ತಿತ್ತು. "ನಾಳೆ ಗುಡಿಗೆ ಹೋಗ್ತೀನಿ ಅಂತ ಹೇಳಿ ಹತ್ತೂವರೆ ಬಸ್ ಹತ್ತಿಬಿಡ್ತೀನಿ ಕಣೇ. ಆರ್ಡರ್ ಕೈಗೆ ಬಂದ್ಮೇಲೆ ಏನ್ ಬೇಕಾದ್ರೂ ಬೈಕೊಳ್ಲಿ. ಯಾರಿಗೂ ಹೇಳ್ಬೇಡ" ಅಂದಳು. ಇಲ್ಲ ಎಂದು ಆಣೆ ಇಟ್ಟೆ.

ಮರುದಿನ ಪರೀಕ್ಷೆಗೆ ಓದಲು ಬಿಟ್ಟ ರಜೆ, ಬೆಳಿಗ್ಗೆಯೇ ಅಂಗಡಿಯಲ್ಲಿ ಪಾಠಕ್ಕೆ ಕೂತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಅರ್ಧ ಆಂಪಿಯರಿನಲ್ಲಿದ್ದ ಮುಳ್ಳು ಎರಡೂವರೆಗೆ ನೆಗೆಯಿತು. ಮಾವನವರ ಹುಬ್ಬು ಮೇಲೇರಿತು.

"ವೋಲ್ಟೇಜ್ ಇನ್ನೂರು. ಎರಡು ಆಂಪಿಯರ್ ಜಾಸ್ತಿ ಆಯ್ತು. ಮೇಲೆ ಏನ್ ಹಾಕವ್ಳೆ, ಹೇಳು ನೋಡೋಣ."

"ನಾನೂರು ವಾಟ್ ಅಜ್ಜಾ. ಒಲೆ ಆಗಿದ್ರೆ ಸಾವಿರದ ಹತ್ರ ಇರ್ತಿತ್ತು. ಇಸ್ತ್ರಿ ಪೆಟ್ಟಿಗೆ!"

ಆಣೆ ಮರೆತುಹೋಗಿತ್ತು ಎಂದು ಬರೆದರೆ ಸುಳ್ಳಾದೀತು. ಚೆನ್ನಾಗಿ ನೆನಪಿತ್ತು. ಶಭಾಷ್ ಬೇಕಾಗಿತ್ತು, ಅಷ್ಟೇ.

"ಶಭಾಷ್" ಅಂದರು. "ಗುಡಿಗೆ ಹೋಗೋಳಿಗೆ ಇಸ್ತ್ರಿ ಸೀರೆ ಯಾಕಂತೆ?"

ಎಂದೂ ಕುರ್ಚಿ ಬಿಡದವರು ಮೆಟ್ಟಿಲು ಹತ್ತಿ ಹೋದರು. ಕೂಗಾಟವೇನೂ ಕೇಳಲಿಲ್ಲ. ಹೊರಗಿನಿಂದ ಚಿಲಕ ಬಿದ್ದ ಸದ್ದು ಮಾತ್ರ ಕೇಳಿತು. ಇಳಿದು ಬಂದು ಹಲಗೆಯ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರು. ಕೈಯಲ್ಲಿದ್ದ ಕಾಗದ ನನ್ನ ಮುಂದಿಟ್ಟರು. ಅಕ್ಕ ತೋರಿಸಿದ್ದ ಅದೇ ಕಾಗದ.

"ಇದರ ಹಿಂದ್ಗಡೆ ಖಾಲಿ ಐತೆ. ಇಸ್ತ್ರಿ ಪೆಟ್ಟಿಗೆ ರೆಸಿಸ್ಟೆನ್ಸ್ ಎಷ್ಟು, ಬರಿ."

ಮೇಲೆ ಅಕ್ಕ ಬಾಗಿಲು ಬಡಿಯತೊಡಗಿದಳು. "ರೀ, ಬಾಗಿಲು ತೆಗೀರಿ! ಬಸ್ಸು ಹೋಗುತ್ತೆ ಕಣ್ರೀ!" ಕರೆದದ್ದು ಗಂಡನನ್ನು. ಅವರು ನನ್ನಿಂದ ಎರಡು ಮಾರು ದೂರದಲ್ಲಿ ಕೂತು ತಂತಿಯ ಸುತ್ತು ಎಣಿಸುತ್ತಿದ್ದರು. "ನಲವತ್ತೊಂದು, ನಲವತ್ತೆರಡು..." ಲೆಕ್ಕ ತಪ್ಪಬಾರದೆಂದು ದನಿ ಸ್ವಲ್ಪ ಜೋರು ಮಾಡಿದರು. ನಾನು ಇನ್ನೂರನ್ನು ಎರಡರಿಂದ ಭಾಗಿಸಿ ನೂರು ಓಮ್ ಎಂದು ಬರೆದೆ. ತಿದ್ದಿ ತಿದ್ದಿ ಅಂದವಾಗಿ ಬರೆದೆ, ಮಹಾರಾಯಿತಿ! ಅಷ್ಟರಲ್ಲಿ ಬಸ್ಸು ಹಾರನ್ ಹೊಡೆದುಕೊಂಡು ಮನೆಯ ಮುಂದೆಯೇ ಹಾದು ಹೋಯಿತು. ಆಮೇಲೆ ಮೇಲೆ ಬಡಿಯುವುದು ನಿಂತಿತು.

ಮಾವನವರು ಚಿಲಕ ತೆಗೆದು, ಅಡಿಗೆಗೆ ಹೊತ್ತಾಯಿತೆಂದು ಹೇಳಿ ಬಂದರು. ಅಕ್ಕ ಇಳಿದು ಬಂದು ನನ್ನ ಮುಂದಿದ್ದ ಕಾಗದ ಎತ್ತಿಕೊಂಡಳು. ಒಂದು ಬದಿ ನೋಡಿದಳು, ತಿರುಗಿಸಿ ಇನ್ನೊಂದು ಬದಿ ನೋಡಿದಳು.

"ಲೆಕ್ಕ ಸರಿ ಬಂತೇನೇ?"

"ಬಂತು ಅಕ್ಕಾ."

"ಸದ್ಯ. ಪಾಸಾಗ್ತೀಯ ಬಿಡು."

ಒಂದು ಬೈಗುಳ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಮುಂದೆ ಎಂದೂ ಆ ಮಾತು ಎತ್ತಲೂ ಇಲ್ಲ. ನಾನು ವಿಜ್ಞಾನದಲ್ಲಿ ಕ್ಲಾಸಿಗೇ ಮೊದಲು ಬಂದಾಗ ಸಜ್ಜಿಗೆ ಮಾಡಿ ಕೊಟ್ಟಳು. ಅವಳಂತೆಯೇ ಬಿ.ಎಡ್. ಮಾಡಿ ಟೀಚರಾದೆ, ಅದೂ ತರೀಕೆರೆಯಲ್ಲಿ. ಅಕ್ಕ ಸ್ಕೂಲಿನ ಮೆಟ್ಟಿಲು ಹತ್ತಿದ್ದು ಮಗನನ್ನು ಬಿಟ್ಟು ಬರುವುದಕ್ಕೆ ಮಾತ್ರ. ತಪ್ಪಾಯಿತು ಎಂದು ಹೇಳಲು ನನಗೆ ಮೂವತ್ತೈದು ವರ್ಷಕ್ಕೂ ಹೆಚ್ಚು ಸಮಯವಿತ್ತು. ತವರಿಗೆ ಹೋದಾಗಲೆಲ್ಲ ಅವಳ ಮನೆಯಲ್ಲಿ ಕಾಫಿ ಕುಡಿದು ಬಂದೆ...

ಇವತ್ತು ಸ್ವಿಚ್ ಆರಿಸಿ, ಅರ್ಧ ಇಸ್ತ್ರಿಯಾದ ಸೀರೆಯನ್ನೇ ಉಟ್ಟು ಮನೆಯಿಂದ ಹೊರಬಿದ್ದೆ. ಹತ್ತೂವರೆಯ ಬಸ್ಸು ನನಗೆ ಸಿಕ್ಕಿತು.