ಪಟ್ಟಿಯ ಹೊರಗಿದ್ದ ಐವರು

ಅದು ನನ್ನ ವೃತ್ತಿಯ ಇಪ್ಪತ್ತೊಂಬತ್ತನೆಯ ವರ್ಷ. ಹೈದರಾಬಾದಿನ ಒಂದು ಖಾಸಗಿ ಹೆಲಿಕಾಪ್ಟರ್ ಕಂಪನಿಯಲ್ಲಿ ಲೋಡ್ ಪ್ಲ್ಯಾನಿಂಗ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಎಷ್ಟು ಜನ, ಎಷ್ಟು ಸರಕು, ಎಷ್ಟು ಇಂಧನ, ಎಷ್ಟು ಸುತ್ತು ಎಂಬುದನ್ನು ಹಾರಾಟಕ್ಕೆ ಮೊದಲೇ ಕೂಡಿ ಕಳೆದು ಪೈಲಟ್ ಕೈಗೆ ಕೊಡುವುದು ನನ್ನ ಕೆಲಸ. ಹುಟ್ಟಿದ್ದು ಶಹಾಪುರದಲ್ಲಿ. ಅದಕ್ಕೇ ಇರಬೇಕು, ಆ ಆಗಸ್ಟ್‌ನಲ್ಲಿ ನಮ್ಮೂರ ಪಕ್ಕದ ಸುರಪುರದ ಕಡೆಯಿಂದ ಕರೆ ಬಂದಾಗ ಕಂಪನಿ ನನ್ನನ್ನೇ ಕಳುಹಿಸಿತು.

ಕೃಷ್ಣಾ ನದಿ ಉಕ್ಕಿ ಹರಿಯುತ್ತಿತ್ತು. ಹೊಳೆಯ ನಡುವಿನ ಒಂದು ಸಣ್ಣ ಗಡ್ಡೆ, ಅಲ್ಲಿನವರ ಬಾಯಲ್ಲಿ 'ಗಡ್ಡಿ', ಮೂರು ದಿನಗಳಿಂದ ಹೊರಗಿನ ಸಂಪರ್ಕವಿಲ್ಲದೆ ಉಳಿದಿತ್ತು. ಸೆಳವಿಗೆ ದೋಣಿ ನಿಲ್ಲುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಮೇಲಿನಿಂದ ಇನ್ನಷ್ಟು ನೀರು ಬರಲಿದೆ ಎಂದು ಸುದ್ದಿಯಿತ್ತು. ಗಡ್ಡಿಯಲ್ಲಿ ಮೂವತ್ತೊಂಬತ್ತು ಜನ ಇದ್ದಾರೆಂದು ಪಡಿತರ ಚೀಟಿಗಳ ಆಧಾರದ ಮೇಲೆ ತಯಾರಿಸಿದ ಹೆಸರುಗಳ ಪಟ್ಟಿಯೊಂದನ್ನು ಅಧಿಕಾರಿಗಳು ನನಗೆ ಕೊಟ್ಟರು.

ರಂಗಂಪೇಟೆಯ ಒಂದು ಶಾಲೆಯ ಮೈದಾನದಲ್ಲಿ ಹೆಲಿಕಾಪ್ಟರ್ ಇಳಿಯಿತು. ಪೈಲಟ್ ಮಂಗಳೂರಿನ ಕ್ಯಾಪ್ಟನ್ ರೋಹನ್. ಸೇತುವೆ ಮುಳುಗಿದ್ದರಿಂದ ಇಂಧನದ ಲಾರಿ ಅರ್ಧ ದಾರಿಯಲ್ಲೇ ನಿಂತಿತ್ತು. ನಮ್ಮ ಕೈಗೆ ಬಂದದ್ದು ಎರಡೇ ಡ್ರಮ್. ತರಗತಿಯ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆ. ಗಡ್ಡಿಗೆ ಹೋಗಿ ಬರಲು ಹದಿನಾಲ್ಕು ನಿಮಿಷ, ನಲವತ್ತೆರಡು ಲೀಟರ್. ಒಮ್ಮೆಗೆ ಐವರು. ಹಿಂದಿರುಗುವ ಪಯಣಕ್ಕೆಂದು ಮುಟ್ಟದೆ ಉಳಿಸಬೇಕಾದ ಇಂಧನವನ್ನು ಕಳೆದರೆ ಎಂಟು ಸುತ್ತಿಗೆ ಸಾಕಾಗುತ್ತಿತ್ತು. ಮೂವತ್ತೊಂಬತ್ತು ಜನ, ಅವರನ್ನು ಹತ್ತಿಸಲು ಗಡ್ಡಿಯಲ್ಲಿ ನಿಲ್ಲುವ ನಾನು ಸೇರಿ ನಲವತ್ತು. ಐದೆಂಟಲ ನಲವತ್ತು. ಖಾಲಿ ಹಾರಾಟ ನಮ್ಮ ವೃತ್ತಿಯಲ್ಲಿ ಕೆಟ್ಟ ಯೋಜನೆಯ ಗುರುತು. ಹಾಗಾಗಿ ಹೋಗುವಾಗ ಅಲ್ಲೇ ಉಳಿಯುವ ದನಗಳಿಗೆ ಮೇವು, ಕಾದಿರುವವರಿಗೆ ರೊಟ್ಟಿ, ನೀರು, ಬರುವಾಗ ಜನ. ಒಂದು ಸೀಟೂ ವ್ಯರ್ಥವಾಗದ ಯೋಜನೆ. ಅದನ್ನು ನೋಡಿ ನನಗೇ ಹೆಮ್ಮೆಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಹನ್ನೊಂದು ಗಂಟೆಗೆ ಮೊದಲ ಸುತ್ತಿನಲ್ಲಿ ನಾನೂ ಗಡ್ಡಿಗೆ ಹೋದೆ, ಒಂದು ತೂಕದ ಯಂತ್ರದೊಂದಿಗೆ. ಒದ್ದೆ ಬಟ್ಟೆ, ಗಂಟುಮೂಟೆ ಸೇರಿದರೆ ಅಂದಾಜು ತೂಕ ನಂಬುವಂತಿಲ್ಲ. ಎತ್ತರದ ಕಣದಲ್ಲಿ ಜನ ಗುಂಪಾಗಿ ನಿಂತಿದ್ದರು. ಊರಿನ ಹಿರಿಯ ರೈತ ಬಸಣ್ಣ ಮುಂದೆ ಬಂದರು.

"ನಿಮ್ಮೂರ ಮಂದಿ ಎಷ್ಟು?" ಎಂದು ಕೇಳಿದೆ.

"ಮೂವತ್ತೊಂಬತ್ತ ಮಂದಿರಿ. ಒಬ್ಬರೂ ತಪ್ಪಿಲ್ಲ."

ಪಟ್ಟಿಗೆ ತಾಳೆಯಾಯಿತು. ಅಷ್ಟು ಸಾಕೆಂದುಕೊಂಡೆ. ಕಣದಾಚೆ, ಪಂಪಿನ ಮನೆಯ ಗೋಡೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೆಲವರು ಕುಳಿತಿದ್ದನ್ನು ನೋಡಿದೆ. ತಮ್ಮ ಸರದಿ ಕಾಯುತ್ತಿದ್ದಾರೆಂದು ಭಾವಿಸಿದೆ.

ಹೆಸರು ಕೂಗುವುದು, ತೂಗುವುದು, ಹತ್ತಿಸುವುದು ಸಾಗಿತು. ಕೈಪಂಪಿನಿಂದ ಇಂಧನ ತುಂಬಿಸಬೇಕಾದ್ದರಿಂದ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಆರನೆಯ ಸುತ್ತು ಹೋದಾಗ ಎರಡೂವರೆ ದಾಟಿತ್ತು. ಪಟ್ಟಿಯಲ್ಲಿ ಒಂಬತ್ತು ಹೆಸರು ಉಳಿದಿದ್ದವು. ತಲೆಯೆತ್ತಿ ನೋಡಿದೆ. ಕಣ್ಣಿಗೆ ಹೆಚ್ಚು ಜನ ಕಂಡರು. ಬೆರಳು ಮಡಚಿ ಎಣಿಸಿದೆ. ಹದಿನಾಲ್ಕು. ಮತ್ತೆ ಎಣಿಸಿದೆ. ಹದಿನಾಲ್ಕೇ.

ಪಂಪಿನ ಮನೆಯತ್ತ ಓಡಿದೆ. ಅಲ್ಲಿ ಐವರಿದ್ದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ತನ್ನ ತಾಯಿಯನ್ನು ಎದೆಗೊರಗಿಸಿಕೊಂಡು ಕುಳಿತಿದ್ದಳು. ಆ ತಾಯಿ ಉಸಿರೆಳೆಯುವ ಸದ್ದು ಮಳೆಯಲ್ಲೂ ಕೇಳುತ್ತಿತ್ತು.

"ನೀವು ಯಾರು? ನಿಮ್ಮ ಹೆಸರು ಯಾಕೆ ಇದರಲ್ಲಿ ಇಲ್ಲ?"

"ನಾವು ಇಲ್ಲಿಯವ್ರಲ್ರಿ. ರಾಮಸಮುದ್ರದವ್ರು. ಭತ್ತ ಹಚ್ಚಾಕ ಕೂಲಿಗಿ ಬಂದೇವಿ," ಎಂದಳು ಅವಳು. ಹೆಸರು ಮಹಾದೇವಿ. ಜೊತೆಗೆ ಗಂಡ ಶರಣಪ್ಪ, ಅವನ ಇಬ್ಬರು ತಮ್ಮಂದಿರು. ತಾಯಿ ಶಾಂತಾಬಾಯಿಗೆ ದಮ್ಮು. "ಎರಡ ದಿನ ಆತ್ರಿ, ಗುಳಗಿ ತೀರ್ಯಾವು."

ನನ್ನ ಔಷಧದ ಪೆಟ್ಟಿಗೆಯಲ್ಲಿ ಜ್ವರದ ಮಾತ್ರೆ ಮತ್ತು ಓಆರ್‌ಎಸ್ ಇತ್ತು. ಉಸಿರಾಟಕ್ಕೆ ಏನೂ ಇರಲಿಲ್ಲ.

ಬಸಣ್ಣನವರ ಮೇಲೆ ರೇಗಿದೆ. "ಇವರ ವಿಷಯ ಯಾಕೆ ಹೇಳಲಿಲ್ಲ?"

"ನೀವು ಊರ ಮಂದಿ ಎಷ್ಟು ಅಂತ ಕೇಳಿದ್ರಿ. ನಾ ಊರ ಮಂದಿ ಹೇಳಿದೆ," ಎಂದರು ಅವರು. ಅದು ನಿಜವಾಗಿತ್ತು.

ಏಳನೆಯ ಸುತ್ತಿಗೆ ಹೆಲಿಕಾಪ್ಟರ್ ಇಳಿದಾಗ ಉಳಿದವರು ನಾನೂ ಸೇರಿ ಹದಿನೈದು ಜನ. ಮೂರು ಸುತ್ತು ಬೇಕು. ಇಂಧನ ಇದ್ದದ್ದು ಎರಡಕ್ಕೆ. ನೀರು ಕಣದ ಕೆಳಗಿನ ಬದುವಿಗೆ ತಲುಪಿತ್ತು. ಕ್ಯಾಪ್ಟನ್ ರೋಹನ್ ಇಂಜಿನ್ ನಿಲ್ಲಿಸದೆ ನನ್ನ ಮಾತು ಕೇಳಿಸಿಕೊಂಡರು.

"ಕಾಯ್ದಿರಿಸಿದ ಇಂಧನ ಮುಟ್ಟುವುದಿಲ್ಲ ಮೇಡಂ. ಮುಟ್ಟಿದರೆ ನಾವೂ ಹೊಳೆಯಲ್ಲಿ ಇರುತ್ತೇವೆ. ಬೇರೆ ದಾರಿ ಇದ್ದರೆ ಹೇಳಿ."

ಪಟ್ಟಿಯ ಹಿಂಬದಿಯಲ್ಲಿ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಇಳಿಯುವ ಜಾಗವನ್ನಾಗಿ ರಂಗಂಪೇಟೆಯನ್ನು ಆರಿಸಿದ್ದು ನಾನೇ. ಅಲ್ಲಿ ಆಂಬುಲೆನ್ಸ್, ರಸ್ತೆ, ಅಧಿಕಾರಿಗಳು ಇದ್ದರು. ಆದರೆ ಗಡ್ಡಿಯಿಂದ ಎರಡೇ ಕಿಲೋಮೀಟರ್ ದೂರದಲ್ಲಿ, ಹೊಳೆಯ ರಂಗಂಪೇಟೆ ಕಡೆಯ ದಡದ ಮೇಲೆ, ಬಂಡೆಗಲ್ಲಿನ ಒಂದು ಬೋಳು ದಿಬ್ಬವಿತ್ತು. ಬೆಳಗ್ಗೆ ಅದರ ಮೇಲೆಯೇ ಹಾರಿ ಬಂದಿದ್ದೆ. ಅಲ್ಲಿಗೆ ರಸ್ತೆಯಿಲ್ಲ, ಇಳಿದವರು ಮಳೆಯಲ್ಲಿ ಮೂರು ಕಿಲೋಮೀಟರ್ ನಡೆಯಬೇಕು. ಆದರೆ ಜೀವಕ್ಕೆ ಅಪಾಯವಿಲ್ಲ. ಎರಡು ಸುತ್ತು ದಿಬ್ಬಕ್ಕೆ, ಕೊನೆಯದು ನೇರ ರಂಗಂಪೇಟೆಗೆ. ಡ್ರಮ್ಮಿನಲ್ಲಿದ್ದುದನ್ನೆಲ್ಲ ಟ್ಯಾಂಕಿಗೆ ತುಂಬಿಸಿಕೊಂಡೇ ರೋಹನ್ ಬಂದಿದ್ದರು; ಈ ಸುತ್ತಿನ ಬರುವ ಖರ್ಚು ಕಳೆದು ಇದ್ದದ್ದು ಅರವತ್ತಮೂರು ಲೀಟರ್, ಬೇಕಾದದ್ದು ಐವತ್ತಮೂರು.

"ಆಗುತ್ತದೆ," ಎಂದರು ರೋಹನ್.

ಶಾಂತಾಬಾಯಿ ಮೂರು ಕಿಲೋಮೀಟರ್ ನಡೆಯುವಂತಿರಲಿಲ್ಲ. ಆಸ್ಪತ್ರೆಗೆ ನೇರವಾಗಿ ಮುಟ್ಟುವ ಸುತ್ತು ಒಂದೇ, ಅದು ಕೊನೆಯದು. ಹಾಗಾದರೆ ಪಟ್ಟಿಯಲ್ಲಿ ಇನ್ನೂ ಉಳಿದಿದ್ದ ಬಸಣ್ಣನವರ ಮನೆಯವರು ದಿಬ್ಬಕ್ಕಿಳಿದು ನಡೆಯಬೇಕು. ಅವರ ಸೊಸೆ ಸಿಟ್ಟಾದಳು. "ನಮ್ಮ ಹೆಸರು ಪಟ್ಟಿಯಾಗ ಅದಾವು. ನಾವ್ಯಾಕ ಮಳಿಯಾಗ ನಡೀಬೇಕ್ರಿ?"

ಬಸಣ್ಣ ಅವಳ ಗಂಟನ್ನು ತಾವೇ ಎತ್ತಿಕೊಂಡರು. "ಆ ಮಂದೀನ ಕರಿಸಿದ್ದು ನಾವ," ಎಂದರು ಸೊಸೆಗೆ. "ನಡಿ, ಹತ್ತು."

ಅವರ ಮನೆಯ ಎಂಟು ಜನ, ಶರಣಪ್ಪನ ತಮ್ಮಂದಿರಿಬ್ಬರು ಎರಡು ಸುತ್ತಿನಲ್ಲಿ ದಿಬ್ಬ ಸೇರಿದರು. ಉಳಿದವರು ಐವರು: ಶಾಂತಾಬಾಯಿ, ಮಹಾದೇವಿ, ಶರಣಪ್ಪ, ಬಸಣ್ಣ, ನಾನು. ಹೆಲಿಕಾಪ್ಟರ್ ಮೂರು ನಿಮಿಷದಲ್ಲಿ ಬರಬೇಕಿತ್ತು. ಅಷ್ಟರಲ್ಲಿ ಮಳೆ ದಟ್ಟವಾಗಿ ಆಚೆ ದಡವೇ ಮರೆಯಾಯಿತು. ಐದು ನಿಮಿಷ. ಎಂಟು. ಏನೂ ಕಾಣದಾಗ ಪೈಲಟ್ ನೆಲ ಬಿಡಬಾರದು ಎಂಬ ನಿಯಮವನ್ನು ನಾನೇ ಎಷ್ಟೋ ಸಲ ಬರೆದುಕೊಟ್ಟಿದ್ದೆ. ನೀರು ಕಣದ ಅಂಚಿಗೆ ಬಂತು. ಬಸಣ್ಣ ಪ್ಲಾಸ್ಟಿಕ್ ಹಾಳೆಯನ್ನು ಎರಡೂ ಕೈಯಿಂದ ಶಾಂತಾಬಾಯಿಯ ಮೇಲೆ ಎತ್ತಿ ಹಿಡಿದಿದ್ದರು. ಆ ತಾಯಿಯ ತುಟಿ ನೀಲಿಯಾಗಿತ್ತು.

"ಬರ್ತದೇನ್ರಿ ಅದು?" ಎಂದು ಮಹಾದೇವಿ ಕೇಳಿದಳು.

"ಬರುತ್ತದೆ," ಎಂದೆ. ನನಗೆ ಗೊತ್ತಿರಲಿಲ್ಲ.

ಹದಿನಾಲ್ಕನೆಯ ನಿಮಿಷಕ್ಕೆ ಸದ್ದು ಕೇಳಿತು.

ನಾಲ್ಕೂವರೆಯ ಸುಮಾರಿಗೆ ಶಾಂತಾಬಾಯಿಗೆ ಸುರಪುರದಲ್ಲಿ ಆಮ್ಲಜನಕ ಹಚ್ಚಿದರು. ಅಂದೇ ಯಾದಗಿರಿಗೆ ಸಾಗಿಸಿದರು. ಮೂರನೆಯ ದಿನ ಮಧ್ಯಾಹ್ನ ಅವರು ತೀರಿಕೊಂಡರು. ಬೆಳಗ್ಗೆಯೇ ತಂದಿದ್ದರೆ ಉಳಿಯುತ್ತಿದ್ದರೇ ಎಂದು ವೈದ್ಯರನ್ನು ಕೇಳಿದೆ. "ಖಾತ್ರಿಯಾಗಿ ಹೇಳಲಾರೆ. ಆದರೆ ಐದು ಗಂಟೆ ಸಣ್ಣ ಅವಧಿಯಲ್ಲ," ಎಂದರು.

ಕಾರ್ಯಾಚರಣೆ ಯಶಸ್ವಿಯಾಯಿತೆಂದು ಎಲ್ಲರೂ ಹೊಗಳಿದರು. ಪಟ್ಟಿಯಲ್ಲಿದ್ದ ಮೂವತ್ತೊಂಬತ್ತು ಜನರೂ ಕ್ಷೇಮ. ನನ್ನ ವರದಿಯಲ್ಲಿ ಮಾತ್ರ ನಲವತ್ತನಾಲ್ಕು ಎಂದು ಬರೆದು, ಒಂದು ಸಾವಿಗೆ ನನ್ನ ಯೋಜನೆಯ ತಪ್ಪೂ ಕಾರಣವೆಂದು ಸೇರಿಸಿದೆ.

ತಿಂಗಳ ನಂತರ ರಾಮಸಮುದ್ರಕ್ಕೆ ಹೋದೆ. ಮಹಾದೇವಿ ಬೈಯಲಿಲ್ಲ, ಕೂರಿಸಿ ಚಹಾ ಕೊಟ್ಟಳು. ಬಹಳ ಹೊತ್ತಾದ ಮೇಲೆ ಹೇಳಿದಳು:

"ಮುಂಜಾನಿ ನೀವು ನಮ್ಮ ಕಡಿ ನೋಡಿದ್ರಿ. ನಾ ಕೈ ಎತ್ತಿದ್ದೆ. ಆಮ್ಯಾಲ ಹೆಸರ ಹಿಡಿದು ಕರಿಯಾಕತ್ತಿದ್ರಿ. ನಮ್ಮ ಹೆಸರ ಇಲ್ಲ ಅಂದಮ್ಯಾಲ ಅದು ನಮಗಲ್ಲ ಅಂತ ತಿಳಿದು ಕೈ ಇಳಿಸಿದೆರಿ."

ಈಗ ನಿವೃತ್ತಳಾಗಿದ್ದೇನೆ. ಆಗಾಗ ತರಬೇತಿಗೆ ಬರುವ ಕಿರಿಯರಿಗೆ ಪಾಠ ಮಾಡುತ್ತೇನೆ. ಸೀಟು ತುಂಬಿಸುವುದು, ಇಂಧನ ಉಳಿಸುವುದು, ಖಾಲಿ ಹಾರಾಟ ತಪ್ಪಿಸುವುದು ಎಲ್ಲವನ್ನೂ ಕಲಿಸುತ್ತೇನೆ. ಆದರೆ ಮೊದಲನೆಯ ಪಾಠ ಬೇರೆ. ನೆಲಕ್ಕಿಳಿದ ಕೂಡಲೇ ಕೊಟ್ಟ ಪಟ್ಟಿಯನ್ನು ಮಡಚಿ ಜೇಬಿಗಿಡಿ, ಜಾಗವನ್ನು ಒಮ್ಮೆ ಪೂರ್ತಿ ಸುತ್ತಿ ಬನ್ನಿ, ಕಂಡವರನ್ನೆಲ್ಲ ಮಾತಾಡಿಸಿ, ಆಮೇಲೆ ಲೆಕ್ಕಕ್ಕೆ ಕೂರಿ ಎನ್ನುತ್ತೇನೆ. ಅದಕ್ಕೆ ಹತ್ತು ನಿಮಿಷ ಸಾಕು. ಅಂದು ಮೊದಲ ಸುತ್ತು ಹೋಗಿ ಎರಡನೆಯದು ಬರುವವರೆಗೆ ನನ್ನ ಬಳಿ ಅರ್ಧ ಗಂಟೆಗೂ ಹೆಚ್ಚು ಸಮಯವಿತ್ತು.