ಭಾವ ಕೊಟ್ಟ ಸ್ಯಾಂಪಲ್

ಬೆಳಗಿನ ಕಾಫಿ ಕುಡಿಯುತ್ತಾ ಇದನ್ನು ಓದುತ್ತಿದ್ದರೆ ಲೋಟ ಕೆಳಗಿಡಿ. ನಿಮ್ಮ ಕೈಗೆ ಯಾರಾದರೂ ಪುಟ್ಟ ಡಬ್ಬಿ ಕೊಟ್ಟು, ನಾಳೆ ಇದರಲ್ಲಿ ನಿಮ್ಮ ಮಲ ಹಾಕಿಡಿ ಅಂದರೆ ಏನು ಮಾಡುತ್ತೀರಿ?

ನಮ್ಮ ಭಾವ ಏನು ಮಾಡಿದರು, ಹೇಳುತ್ತೇನೆ.

ಹೋದ ತಿಂಗಳು ನಾಲ್ಕು ದಿನ ಇದ್ದು ಬರೋಣ ಅಂತ ಕೊಣನೂರಿನ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಅದೇ ಹೊತ್ತಿಗೆ ಹಾಸನದಿಂದ ರಮ್ಯಾ ಅಂತ ಒಬ್ಬಳು ಬಂದಳು. ಕೊಕ್ಕೆಹುಳುವಿನ ಮೇಲೆ ರಿಸರ್ಚ್ ಮಾಡುತ್ತಿದ್ದಾಳೆ. ಬರಿಗಾಲಲ್ಲಿ ಹೊಲಕ್ಕಿಳಿದವರ ಪಾದದ ಚರ್ಮ ತೂರಿ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳು ಅದು. ಮನೆಯವರಿಗೆಲ್ಲ ಒಂದೊಂದು ಡಬ್ಬಿ ಕೊಟ್ಟಳು.

ಭಾವ ಊರಿಗೆ ದೊಡ್ಡವರು. ಅವರಿಗೆ ಹುಳುವೇ?

"ನಮ್ಮನೇಲಿ ಅಂತಾವೆಲ್ಲ ಇಲ್ಲ ಕಣವ್ವ, ಮುಂದಿನ್ ಮನೆಗ್ ಓಗು" ಅಂದರು.

ಅಕ್ಕ ಬಿಡಲಿಲ್ಲ. ಕೆಲವು ತಿಂಗಳಿಂದ ಭಾವ ಬಿಳಿಚಿಕೊಂಡಿದ್ದರು. ಶುಂಠಿ ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಏದುಸಿರು. (ಕೇಳಿದರೆ ವಯಸ್ಸಾಯಿತು ಅನ್ನುವುದು. ಚಪ್ಪಲಿ ಹಾಕಿಕೊಳ್ಳಿ ಅಂದರೆ ಭೂಮಿತಾಯಿಗೆ ಅವಮಾನ ಅನ್ನುವುದು.) ಡಬ್ಬಿ ಕೊಡುವವರೆಗೂ ಒಲೆ ಹಚ್ಚುವುದಿಲ್ಲ ಅಂತ ಅಕ್ಕ ಕೂತುಬಿಟ್ಟಳು.

ಮರುದಿನ ಬೆಳಿಗ್ಗೆ ಭಾವ ಗಂಭೀರವಾಗಿ ಡಬ್ಬಿ ತಂದಿಟ್ಟರು. ಒಲೆ ಹತ್ತಿತು.

ಅದಾದ ಮೇಲೆ ರಮ್ಯಾ ಮತ್ತೆ ಬಂದಳು. ಭಾವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು: "ಸಾ, ತಪ್ಪು ತಿಳ್ಕೋಬೇಡಿ. ನೀವು ಹುಲ್ಲು ತಿಂತೀರಾ?"

ಅಕ್ಕ ಕೊಟ್ಟಿಗೆ ಕಡೆ ನೋಡಿದಳು. ಭಾವ ಆಕಾಶ ನೋಡಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ರಮ್ಯಾ ಮಾತ್ರ ನಗಲಿಲ್ಲ. ಅವಳ ಅಪ್ಪನೂ ಹೀಗೇ ಮುಚ್ಚಿಟ್ಟುಕೊಂಡು, ರಕ್ತವೆಲ್ಲ ಇಳಿದು, ಆಸ್ಪತ್ರೆ ಸೇರುವ ಹಾಗಾಗಿತ್ತಂತೆ. ಇನ್ನೊಂದು ಡಬ್ಬಿ ಚಾಚಿದಳು. ಭಾವ ಕೈ ಮುಂದೆ ಮಾಡಿದರು.

"ಆಯ್ತು ಕೊಡವ್ವ. ಆದ್ರೆ ಊರೋರ್ಗೆ ಏಳ್ಬ್ಯಾಡ."

ಈ ಸಲದ್ದು ಅಸಲಿ ಮಾಲು. ಹುಳು ಇತ್ತು, ಧಾರಾಳವಾಗಿಯೇ ಇತ್ತು. ಡಾಕ್ಟರು ಮಾತ್ರೆ ಕೊಟ್ಟರು, ರಕ್ತ ಹೆಚ್ಚಲು ಟಾನಿಕ್ಕೂ ಬರೆದರು. ಈಗ ಭಾವ ಉಸಿರು ಕಟ್ಟದೆ ಹೊಲ ಸುತ್ತುತ್ತಾರೆ, ಅರಕಲಗೂಡಿನಿಂದ ತಂದ ಗಂಬೂಟು ಹಾಕಿಕೊಂಡು. ಯಾಕೆ ಅಂತ ಊರವರು ಕೇಳಿದರೆ, ಹಾವಿನ ಕಾಟ ಅನ್ನುತ್ತಾರಂತೆ! (ಅವರು ಈ ಅಂಕಣ ಓದುವುದಿಲ್ಲ ಅಂತ ಅಕ್ಕ ಭರವಸೆ ಕೊಟ್ಟಿದ್ದಾಳೆ.)

ಶುಗರ್, ಬಿಪಿ ಎಷ್ಟಿದೆ ಅಂತ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳುವ ನಾವು, ರಕ್ತ ಕುಡಿಯುವ ಹುಳುವಿನ ಮಾನ ಯಾಕೆ ಇಷ್ಟು ಕಾಪಾಡುತ್ತೇವೆ?