ಎಲಿಯಕುಂಡಳ ಗಟ್ಟಿ ಕಾಳು

ಮೇರು ಬೆಟ್ಟದ ತಪ್ಪಲಿನಲ್ಲಿ ಎಲಿಯಕುಂಡಳ ಮಕಾಂಡೆ ಅಡುಗೆಗಿದ್ದ ಹೆಸರು ಪಾದ್ರಿಗಳ ಪ್ರವಚನಕ್ಕೂ ಇರಲಿಲ್ಲ. ಅದರಲ್ಲಿ ಮೆಕ್ಕೆಜೋಳವೂ ಕೆಂಪು ಕಾಳೂ ಬೆಣ್ಣೆಯಂತೆ ಬೆಂದಿರುತ್ತಿದ್ದವು. ಹಲ್ಲಿಲ್ಲದವರೂ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಗುಟ್ಟೇನಿಲ್ಲ, ಸರೋವರದ ದಡದಲ್ಲಿ ಕೆರೆದು ತಂದ, ಸೋಡದಂತೆ ಕಾಳನ್ನು ಮೆತ್ತಗಾಗಿಸುವ ಮಗದಿ ಉಪ್ಪು. ಎಲ್ಲರೂ ಒಂದು ಚಿಟಿಕೆ ಹಾಕುತ್ತಿದ್ದರು. ಇವಳ ಚಿಟಿಕೆ ಮಾತ್ರ ಒಂದು ಹಿಡಿಯಷ್ಟಿರುತ್ತಿತ್ತು.

ಊರಿನವರ ಹಲ್ಲುಗಳೆಲ್ಲ ಚಹಾ ಬಣ್ಣದವು. ತಪ್ಪು ಬಾವಿ ನೀರಿನ ಫ್ಲೋರೈಡಿನದೆಂದು ತಿಳಿದ ಮೇಲೆ, ಸುಟ್ಟ ದನದ ಮೂಳೆ ತುಂಬಿದ ಸೋಸುತೊಟ್ಟಿ ಬಂತು. ತೊಟ್ಟಿಗೊಂದು ಸಮಿತಿ, ಸಮಿತಿಗೊಬ್ಬ ಅಧ್ಯಕ್ಷ, ಅಧ್ಯಕ್ಷ ಪಲ್ಲಾಂಗ್ಯೋ ಅವರಿಗೊಂದು ಮೊಹರು. ಆದರೂ, ಹುಟ್ಟಿದಂದಿನಿಂದ ಸೋಸಿದ ನೀರನ್ನೇ ಕುಡಿದ ಎಲಿಯಕುಂಡಳ ಮೊಮ್ಮಗಳು ನ್ಡೆಶಿಗೆ ಹಾಲುಹಲ್ಲು ಬಿದ್ದು ಹೊಸದು ಮೂಡಿದಾಗ ಅದೂ ಕಂದು. ನಗುವಾಗ ಹುಡುಗಿಯ ಅಂಗೈ ತಾನಾಗಿ ಬಾಯಿಗೆ ಹೋಗತೊಡಗಿತು. ಹಲ್ಲು ವಂಶದಿಂದ ಬರುವುದೆಂದು ಅಧ್ಯಕ್ಷರು ಮೊಹರು ಒತ್ತಿ ಬರೆದುಕೊಟ್ಟರು. ಅದೇ ವಾರ ಮನೆಯಲ್ಲಿ ಇನ್ನೊಂದು ಮಗು ಹುಟ್ಟಿತು, ಅನಾಎಲಿ. ಈ ಮಗುವಿನ ಕೈಯಾದರೂ ಬಾಯಿಗೆ ಹೋಗಬಾರದೆಂದು ಅಜ್ಜಿ ನಿಶ್ಚಯಿಸಿದಳು.

ಪಕ್ಕದ ಮನೆಗೆ ಕರಾವಳಿಯಿಂದ ಸೊಸೆಯಾಗಿ ಬಂದ ಮ್ವಾನಹಾವಾಗೆ ಮಗದಿಯ ವಾಸನೆಯೇ ಆಗದು. ಅವಳ ಕಾಳು ತಟ್ಟೆಯಲ್ಲಿ ಟಣ್ಣೆನ್ನುತ್ತಿತ್ತು. ಆ ಕಾಳನ್ನು ಕೋಳಿಯೂ ಮುಟ್ಟದೆಂದು ಊರಿಗೆಲ್ಲ ಸಾರಿದವಳು ಎಲಿಯಕುಂಡಳೇ. ಒಂದು ಬೆಳಿಗ್ಗೆ ಮ್ವಾನಹಾವಾಳ ಮಕ್ಕಳು ಮೂವರೂ ಬೇಲಿಯಾಚೆ ನಿಂತು ನಕ್ಕರು. ಹುಟ್ಟಿದ್ದು ಇದೇ ಊರಲ್ಲಿ, ಕುಡಿದದ್ದು ಇದೇ ತೊಟ್ಟಿಯ ನೀರು, ಹಲ್ಲು ಮಾತ್ರ ಹಾಲಿನಂತೆ. ಊರಿನ ಅತಿ ಕೆಟ್ಟ ಅಡುಗೆಯವಳ ಮಕ್ಕಳಿಗೆ ಊರಿನಲ್ಲೇ ಒಳ್ಳೆಯ ಹಲ್ಲು! ಎಲಿಯಕುಂಡ ತನ್ನ ಮಡಕೆಯನ್ನು ಬಹಳ ಹೊತ್ತು ನೋಡುತ್ತ ಕುಳಿತಳು.

ನೀರು ಪರೀಕ್ಷಿಸಲು ತಿಂಗಳಿಗೊಮ್ಮೆ ಬರುವ ಹುಡುಗಿಯ ಮುಂದೆ ಅವಳು ಕಾಳಿನ ಸಾರಿನ ಸೀಸೆ ಇಟ್ಟಳು.

"ಇದು ನೀರಿನ ಸಮಿತಿ ಅಜ್ಜಿ, ಸಾರಿನ ಸಮಿತಿ ಅಲ್ಲ," ಎಂದರು ಅಧ್ಯಕ್ಷರು.

"ಸಾರಲ್ಲೂ ನೀರೇ ಇರೋದು ಯಜಮಾನ್ರೇ. ನಿಮ್ಮ ಭಾಷಣದಲ್ಲಿ ಇರೋಷ್ಟೇ ಇದೆ."

ಸಾರನ್ನು ಪಟ್ಟಣಕ್ಕೆ ಒಯ್ದ ಹುಡುಗಿ ಮುಂದಿನ ತಿಂಗಳು ಉತ್ತರ ತಂದಳು. ತೊಟ್ಟಿಯ ನೀರು ಸರಿಯಾಗಿದೆ. ಸಾರಿನಲ್ಲಿ ಮಾತ್ರ ಹಳೆಯ ಬಾವಿ ನೀರಿಗಿಂತ ಹೆಚ್ಚು ಫ್ಲೋರೈಡು. ಮೂಳೆಯಲ್ಲಿ ಸೋಸಿ ತೆಗೆದದ್ದನ್ನು ಎಲಿಯಕುಂಡ ಮಗದಿಯ ರೂಪದಲ್ಲಿ ಹಿಡಿಗಟ್ಟಲೆ ಮಡಕೆಗೆ ಹಾಕುತ್ತ ಬಂದಿದ್ದಳು.

ಪಕ್ಕದ ಮನೆಗೆ ಇಪ್ಪತ್ತೇ ಹೆಜ್ಜೆ. ಅಷ್ಟು ದೂರದ ದಾರಿಯನ್ನು ಅವಳು ಜನ್ಮದಲ್ಲಿ ನಡೆದಿರಲಿಲ್ಲ.

"ಕಾಳು ಬೇಯಿಸೋದು ಹೇಳ್ಕೊಡೇ."

"ನನ್ನ ಕಾಳು ಕೋಳೀನೂ ಮುಟ್ಟಲ್ವಂತಲ್ಲ, ಅಕ್ಕಾ?"

"ಕೋಳಿಗೆ ಹಲ್ಲಿಲ್ಲ ಕಣೇ. ನಮ್ಮ ಮಗೂಗೆ ಬೇಕು."

ಹಿಂದಿನ ದಿನವೇ ನೆನೆಸಿ, ಆ ನೀರು ಚೆಲ್ಲಿ, ಮುಚ್ಚಳ ಹಾಕಿ ಅರ್ಧ ದಿನ ಬೇಯಿಸಿದರೂ ಮೊದಮೊದಲು ಕಾಳು ಗಟ್ಟಿಯೇ. ಅನಾಎಲಿಯ ನಾಮಕರಣದ ಊಟದಲ್ಲಿ ಅರ್ಧ ತಟ್ಟೆಗಳು ಹಾಗೇ ಉಳಿದವು. ಮೂವತ್ತು ವರ್ಷದ ಹೆಸರು ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಅವಳು ಜಗ್ಗಲಿಲ್ಲ. ಬಸುರಿಯರ ಮನೆಮನೆಗೂ ಹೋಗಿ ಮಗದಿ ಡಬ್ಬಿಗಳನ್ನು ಬರಿದುಮಾಡಿಸಿದಳು.

ಏಳು ವರ್ಷದ ಮೇಲೆ ಶಾಲೆಯಲ್ಲಿ ಸಮಾರಂಭ. ಊರ ಚಿಕ್ಕ ಮಕ್ಕಳ ಹಲ್ಲು ಸಮಿತಿಯ ವಿಜಯವೆಂದು ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿ, ಕೂರಲು ಹೋಗಿ ಕುರ್ಚಿ ತಪ್ಪಿದರು. ಅನಾಎಲಿ ಗೊಳ್ಳೆಂದು ನಕ್ಕಳು. ಅಜ್ಜಿ ನೋಡಿದ್ದು ಮೊಮ್ಮಗಳ ಕೈಯನ್ನು. ಅದು ಮಕಾಂಡೆಯ ತಟ್ಟೆಯಲ್ಲೇ ಇತ್ತು. ಮೇಲೇಳುವ ನೆನಪೇ ಅದಕ್ಕಿರಲಿಲ್ಲ. ಮುಂದಿನ ಎರಡು ಹೊಸ ಹಲ್ಲು ಬೆಳ್ಳಗೆ ಹೊಳೆದವು.

ಎಲಿಯಕುಂಡಳೂ ತನ್ನ ಚಹಾ ಬಣ್ಣದ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕಳು.